ಡೋರಿಸವ್ವನ ಬೈಗುಳ ಕೇಳಲು ಜಾರ್ಜ್‌ಟೌನಿಗೆ

ಶನಿವಾರ ಬೆಳಿಗ್ಗೆ ಮಾರ್ಕಮ್‌ನಲ್ಲಿ ರೈಲು ಹತ್ತಿದೆ. ವಾರಾಂತ್ಯದ ಪಾಸು ಹತ್ತು ಡಾಲರಿಗೆ ಸಿಗುತ್ತದೆ, ದಿನವಿಡೀ ಸುತ್ತಬಹುದು. ಬಿಡಿ ಟಿಕೆಟ್ ಕೊಂಡು ಕೈ ಸುಟ್ಟುಕೊಳ್ಳಬೇಡಿ. ಬುತ್ತಿ ಕಟ್ಟಿಕೊಡುವಾಗ ಹೆಂಡತಿ, "ರೊಕ್ಕಾ ಕೊಟ್ಟು ಬೈಸ್ಕೊಂಡು ಬರಾಕ ಹೊಂಟೀರಿ ನೋಡ್ರಿ" ಎಂದು ಚುಚ್ಚಿದ್ದಳು.

ಡೋರಿಸವ್ವ ನನ್ನ ಮೊದಲ ಮನೆಯೊಡತಿ. ಹುಬ್ಬಳ್ಳಿಯಿಂದ ಬಂದ ಹೊಸದರಲ್ಲಿ ಆಕೆಯ ಬೇಸ್‌ಮೆಂಟಿನಲ್ಲಿದ್ದೆ. ದೇವರ ಹೆಸರನ್ನು ಸುಮ್ಮಸುಮ್ಮನೆ ಬಾಯಿಗೆ ತರಬಾರದೆಂದು ಆಕೆಗೆ ತಾಯಿ ಕಲಿಸಿದ್ದಳಂತೆ. ಹಾಗಾಗಿ ಬೈಗುಳದ ಜಾಗದಲ್ಲೂ ಸಪ್ಪೆ ಉದ್ಗಾರಗಳೇ. ಹಾಲು ಉಕ್ಕಿದರೆ 'ಫಿಡಲ್‌ಸ್ಟಿಕ್ಸ್', ಹಿಮ ಬಾಗಿಲು ಮುಚ್ಚಿದರೆ 'ಗುಡ್‌ನೆಸ್ ಗ್ರೇಶಿಯಸ್', ಬೆರಳಿಗೆ ಸುತ್ತಿಗೆ ಬಡಿದರೂ ಬರೀ 'ಶುಗರ್'. ಯಾರದೋ ಅಂಗಳದಲ್ಲಿ ಮಾರಾಟಕ್ಕಿಟ್ಟಿದ್ದ ಸೋಫಾವನ್ನು ನಾನು ಕಾಲು ಬೆಲೆಗೆ ಇಳಿಸಿದಾಗ 'ಹೆವನ್ಸ್ ಟು ಬೆಟ್ಸಿ' ಅಂದಳು. ಬೆಟ್ಸಿ ಯಾರೆಂದು ಆಕೆಗೂ ಗೊತ್ತಿರಲಿಲ್ಲ. ಈ ದೇಶದಲ್ಲಿ ನನ್ನ ಜಾಣತನಕ್ಕೆ ಹಾಗೆ ಬೆರಗಾದವರು ಮತ್ತೆ ಸಿಗಲಿಲ್ಲ.

ಯೂನಿಯನ್ ಸ್ಟೇಷನ್ನಿನಲ್ಲಿ ಗಾಡಿ ಬದಲಿಸಿದೆ. ಬ್ರಾಂಪ್ಟನ್ ದಾಟಿದ ಮೇಲೆ ಹೊಲಗಳ ಮೇಲೆ ತೆಳ್ಳಗೆ ಹಿಮ. ಜಾರ್ಜ್‌ಟೌನಿನಲ್ಲಿಳಿದು ಡೋರಿಸವ್ವ ಈಗಿರುವ ವೃದ್ಧಾಶ್ರಮಕ್ಕೆ ನಡೆದೇ ಹೋದೆ. ಬೂಟು ಗಟ್ಟಿಯಿದ್ದರೆ ಟ್ಯಾಕ್ಸಿ ದಂಡ.

ಆಕೆಯ ಮಗಳು ಕ್ಯಾರಲ್ ಬಾಗಿಲಲ್ಲೇ ತಡೆದಳು. ಮರೆವಿನ ರೋಗ ಹೆಚ್ಚಾದಮೇಲೆ ತಾಯಿಯ ಬಾಯಿಂದ ಹೊಲಸು ಬೈಗುಳವೇ ಬರುತ್ತದೆ, ಚರ್ಚಿನ ಗೆಳತಿಯರನ್ನೂ ತಾನು ಒಳಗೆ ಬಿಡುತ್ತಿಲ್ಲ ಎಂದು ಫೋನಿನಲ್ಲೇ ಹೇಳಿದ್ದಳು. "ಅಮ್ಮ ಮೊದಲಿದ್ದ ಹಾಗೇ ನಿಮ್ಮ ನೆನಪಿನಲ್ಲಿರಲಿ, ಪ್ಲೀಸ್" ಎಂದಳು.

ನಾನು ಚೌಕಾಸಿಗಿಳಿದೆ. ಒಂದು ತಾಸು ಕೇಳಿದೆ, ಕಾಲು ತಾಸಿಗೆ ಒಪ್ಪಿದಳು. ನನಗೆ ಬೇಕಿದ್ದುದೂ ಅಷ್ಟೇ. ಯಾವಾಗಲೂ ಮೇಲಿನಿಂದಲೇ ಶುರು ಮಾಡಬೇಕು.

ಡೋರಿಸವ್ವ ನನ್ನನ್ನು ನೋಡಿದ್ದೇ ಶುರುಹಚ್ಚಿಕೊಂಡಳು. ಬರೆಯುವಂಥ ಮಾತುಗಳಲ್ಲ. ಗುರುತು ಸಿಕ್ಕಂತೆಯೂ ಕಾಣಲಿಲ್ಲ. ಹಳೆಯ ಉದ್ಗಾರ ಒಂದಾದರೂ ಬಂದೀತೇನೋ ಎಂದು ಕಾದೆ. ಒಂದೊಂದನ್ನೇ ನಾನೇ ಅಂದು ನೋಡಿದೆ. ಬರಲಿಲ್ಲ. ಕ್ಯಾರಲ್ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಳು.

"ನಮ್ಮೂರ ಸಂತೆಯಲ್ಲಿ ಮುದುಕಿಯರು ಇಷ್ಟು ಬೈದಮೇಲೇ ಬದನೆಕಾಯಿ ತೂಗೋದು" ಎಂದೆ. ನಗು ಬಂತು ಅವಳಿಗೆ, ಕಣ್ಣೊರೆಸಿಕೊಂಡಳು.

ಹೊತ್ತಾಯಿತೆಂದು ಎದ್ದೆ. ಡೋರಿಸವ್ವನ ಬಾಯಿ ಬೈಯುತ್ತಲೇ ಇತ್ತು, ಕೈ ಮಾತ್ರ ನನ್ನ ಕೋಟಿನ ತೋಳನ್ನು ಬಿಗಿಯಾಗಿ ಹಿಡಿದುಕೊಂಡಿತು. ಬಿಡಿಸಿಕೊಳ್ಳಲು ನಾನೂ ನೋಡಲಿಲ್ಲ. ಕ್ಯಾರಲ್ ಆ ಕೈಯನ್ನೇ ನೋಡುತ್ತ ನಿಂತಳು. ಆಮೇಲೆ ಕುರ್ಚಿಯನ್ನು ನನ್ನ ಕಡೆ ಎಳೆದಳು. "ಕೂತ್ಕೊಳ್ಳಿ. ಚರ್ಚಿನವರಿಗೂ ಫೋನ್ ಮಾಡ್ತೀನಿ."

ಸಂಜೆಯ ಗಾಡಿಗೆ ಹೊರಟಾಗ ಅಂಗಳದಿಂದ ತಿರುಗಿ ನೋಡಿದೆ. ಕಿಟಕಿಯಲ್ಲಿ ಆಕೆಯ ತುಟಿ ಆಡುತ್ತಿತ್ತು. ಗಾಜಿನಾಚೆಯ ಮಾತು ಕೇಳಿಸಲಿಲ್ಲ. ಹಳೆಯದೇ ಯಾವುದೋ ಇದ್ದೀತೆಂದು ಚಳಿಯಲ್ಲಿ ನಿಂತೇ ಇದ್ದೆ.