ಆಚೆಮನೆಯವಳು ಕೊಟ್ಟ ಹತ್ತು

ಯಾವ ದೇಶದ ಜನ ಎಷ್ಟು ಸುಖವಾಗಿದ್ದಾರೆ ಎಂಬ ಪಟ್ಟಿ ಪೇಪರಿನಲ್ಲಿ ಬಂದಾಗಲೆಲ್ಲ ನನಗೆ ನಗು ತಡೆಯುವುದಿಲ್ಲ. ನಾವು ಯಾವಾಗಲೂ ಎಲ್ಲೋ ತಳದಲ್ಲಿರುತ್ತೇವೆ. ಇರಲಿ ಬಿಡಿ. ಅಂಥ ಲೆಕ್ಕಕ್ಕೆ ಉತ್ತರ ಹೇಗೆ ಸಿಗುತ್ತದೆ ಎಂಬುದನ್ನು ನಾನು ಹಾರವಾಡದ ನಮ್ಮ ಮನೆಯ ತಟ್ಟಿಯ ಹಿಂದೆ ನಿಂತು ಕಿವಿಯಾರೆ ಕೇಳಿದ್ದೇನೆ.

ಆಗ ನಾನು ಕಾರವಾರದ ಒಂದು ಕಚೇರಿಗೆ ಹೊಸದಾಗಿ ಸೇರಿದ್ದೆ. ಅಕ್ಕನಿಗೆ ತೋಡೂರಿನ ಒಂದು ಮನೆಯಿಂದ ಸಂಬಂಧ ಬಂದಿತ್ತು. ನಮ್ಮ ಕಡೆ ಹುಡುಗನ ಮನೆಯವರು ಮೊದಲು ಹೆಣ್ಣಿನ ಮನೆಗೆ ಬರುವುದಿಲ್ಲ. ಯಾರನ್ನಾದರೂ ಸದ್ದಿಲ್ಲದೆ ಕಳಿಸಿ ಅಕ್ಕಪಕ್ಕದಲ್ಲಿ ವಿಚಾರಿಸುತ್ತಾರೆ. ಹಿಂದಿನ ಸಂಬಂಧ ಹಾಗೆ ವಿಚಾರಿಸಿ ಹೋದ ಮೇಲೆಯೇ ಮುರಿದಿತ್ತು. ಅಕ್ಕ ಅದರಿಂದ ಸೊರಗಿದ್ದಳು. ಇದೂ ತಪ್ಪಿದರೆ ಏನು ಗತಿ ಎಂದು ನಮ್ಮನ್ನು ಹೆತ್ತ ಆಯಿಗೆ ನಿದ್ದೆಯಿರಲಿಲ್ಲ.

ಭಯವೆಲ್ಲ ನಾವು ಮಾವಶಿ ಎಂದು ಕರೆಯುತ್ತಿದ್ದ ಆಚೆಮನೆಯವಳದು. ಅವಳು ಅಂಕೋಲೆ ಪೇಟೆಯಲ್ಲಿ ಮೀನು ಮಾರುವ ವಿಧವೆ, ಬಾಯಿ ಜೋರು. ಅವಳು ಒಣಹಾಕಿದ ಸಿಗಡಿಯನ್ನು ನಮ್ಮ ಕೋಳಿ ತಿಂದಿತೆಂದು ಶುರುವಾದ ಜಗಳದಿಂದ ಎರಡು ಮನೆಗೂ ಮಾತಿರಲಿಲ್ಲ. ಕೋಳಿ ತಿಂದದ್ದು ನಿಜವೇ. ಆಯಿ ಮಾತ್ರ ಸಾಯುವ ತನಕ ಒಪ್ಪಲಿಲ್ಲ.

ಒಂದು ರಜೆಯ ದಿನ, ಚೀಲ ಹಾಕಿಕೊಂಡ ಹುಡುಗಿಯೊಬ್ಬಳು ನೇರವಾಗಿ ಮಾವಶಿಯ ಅಂಗಳಕ್ಕೆ ಹೋದಳು. ಗೊತ್ತಿಲ್ಲದ ಮುಖ, ತೋಡೂರಿನವರು ಕಳಿಸಿದವಳೇ ಇರಬೇಕು. ಆಯಿ ನನ್ನ ಕೈ ಹಿಡಿದೆಳೆದು ತೆಂಗಿನ ಮಡಲಿನ ತಟ್ಟಿಗೆ ಕಿವಿಯಿಟ್ಟಳು.

"ಹತ್ತು ಮೆಟ್ಟಿಲಿನ ಏಣಿ ಅಂದ್ಕೊಳ್ಳಿ. ನಿಮ್ಮ ಜೀವನ ಎಷ್ಟನೇ ಮೆಟ್ಟಿಲಲ್ಲಿದೆ?" ಎಂದಳು ಹುಡುಗಿ.

"ನಮ್ದೆಂತ ಕೇಳ್ತೆ ತಂಗಿ? ಆ ಮನೇದು ಹತ್ತು," ಎಂದಳು ಮಾವಶಿ.

"ಅವರದ್ದಲ್ಲ, ನಿಮ್ಮದು."

"ಅಂಥ ನೆರೆಮನೆ ಇದ್ದ ಮೇಲೆ ನಮ್ದೂ ಹತ್ತೇ. ಬರ್ಕೋ."

"ಕಷ್ಟ ಬಂದ್ರೆ ಸಹಾಯಕ್ಕೆ ಯಾರಿದ್ದಾರೆ?"

"ಅವ್ರೇ. ಹೆಣ್ಮಕ್ಕಳಂತೂ ಚಿನ್ನ ಮಾರಾಯ್ತಿ. ದೊಡ್ಡದು ಮೀನು ಸಾರು ಮಾಡ್ತು ಅಂದ್ರೆ ಬೀದಿಗೆಲ್ಲ ಪರಿಮಳ."

ಅಕ್ಕನ ಸಾರು ನಾವು ಮನೆಯವರೇ ಮೂಗು ಮುಚ್ಚಿಕೊಂಡು ಉಣ್ಣುವಂಥದ್ದು. ನನಗೆ ನಗು ಉಕ್ಕಿ ಬಂತು. ತಿರುಗಿ ನೋಡಿದರೆ ಆಯಿಯ ಕಣ್ಣು ತುಂಬಿತ್ತು.

ಹುಡುಗಿ ಅಲ್ಲಿಂದ ನಮ್ಮಲ್ಲಿಗೇ ಬಂದಳು. ಚೀಲದಿಂದ ಕಾಗದ ತೆಗೆದು, ಜನರ ಸುಖದ ಬಗ್ಗೆ ಸರ್ವೆ ಮಾಡುತ್ತಿದ್ದೇನೆ ಎಂದಾಗಲೇ ನಮಗೆ ತಿಳಿದದ್ದು. ತೋಡೂರಿಗೂ ಅವಳಿಗೂ ಏನೇನೂ ಸಂಬಂಧವಿರಲಿಲ್ಲ. ಅದೇ ಏಣಿಯ ಪ್ರಶ್ನೆ ಕೇಳಿದಳು. ಆಯಿ ಮೂಗು ಒರೆಸಿಕೊಂಡು, "ಆಚೆಮನೆಯವ್ಳು ಎಷ್ಟು ಹೇಳಿದ್ಲೋ ಅಷ್ಟೇ ಬರ್ಕೋ," ಎಂದಳು.

ಆ ಕಾಗದ ಯಾವ ಊರಿಗೆ ಹೋಯಿತೋ, ಯಾವ ಪಂಡಿತರು ಕೂಡಿ ಕಳೆದರೋ. ಮಾತು ಬಿಟ್ಟ ಎರಡು ಮನೆಗಳು ಹತ್ತಕ್ಕೆ ಹತ್ತು ಪಡೆದು ಕೂತಿದ್ದವು.

ಆಯಿ ಸರ್ವೆಯ ವಿಷಯ ಬಾಯಿಬಿಡಲಿಲ್ಲ. ತೋಡೂರಿನವರು ನಿಜವಾಗಿ ವಿಚಾರಿಸಲು ಬಂದಾಗ ಮಾವಶಿ, "ಮತ್ತೆ ಬಂದ್ರಾ? ಒಂದ್ಸಲ ಹೇಳಿ ಆಯ್ತಲ್ಲ, ಹತ್ತು ಅಂತ!" ಎಂದು ಗದರಿ ಕಳಿಸಿದಳಂತೆ. ಅವರಿಗೆ ಏನು ಅರ್ಥವಾಯಿತೋ ದೇವರೇ ಬಲ್ಲ. ಸಂಬಂಧ ಗಟ್ಟಿಯಾಯಿತು.

ಮದುವೆಯ ಊಟಕ್ಕೆ ಮಾವಶಿ ಮೊದಲ ಪಂಕ್ತಿಯಲ್ಲೇ ಕೂತಿದ್ದಳು. ಆಯಿ ತಾನೇ ಬಡಿಸುತ್ತ, ಅವತ್ತಿನ ಹುಡುಗಿ ಯಾರೆಂದು ಆಗ ಹೇಳಿದಳು.

"ಅಯ್ಯೋ! ಅಷ್ಟೆಲ್ಲ ಸುಳ್ಳು ದಂಡ ಆಯ್ತಲ್ಲೇ," ಎಂದಳು ಮಾವಶಿ.

"ಎಲ್ಲಾ ಸುಳ್ಳಾ?"

ಮಾವಶಿ ಎಲೆಯ ಮೇಲಿನ ಅನ್ನ ಕಲಸುತ್ತ ಹೇಳಿದಳು: "ಹತ್ತು ಸುಳ್ಳು. ಸಾರೂ ಸುಳ್ಳು. ಕಷ್ಟಕ್ಕೆ ಯಾರು ಅಂತ ಕೇಳಿದ್ದಕ್ಕೆ ಹೇಳಿದ್ದು ಸುಳ್ಳಲ್ಲ. ನನ್ನ ಗಂಡ ಹೋದಾಗ ನಂಗೆ ಗಂಜಿ ಕುಡಿಸಿದ್ದು ಯಾರು, ನಿನ್ನ ಕೋಳಿಯಾ?"

ಬೇಡ ಬೇಡ ಎಂದರೂ ಕೇಳದೆ ಆಯಿ ಅವಳ ಎಲೆಗೆ ಇನ್ನೊಂದು ಸಲ ಅನ್ನ ಬಡಿಸಿದಳು.