ಅಮಾವಾಸ್ಯೆಗಷ್ಟೇ ಜಳಕ

ಪಾಮನಕಲ್ಲೂರಿನ ಜಂಬಮ್ಮನ ಬಾಯಿಗೆ ಊರೇ ಹೆದರುತ್ತದೆ. ತೊಗರಿ ತೂಗುವಾಗ ತಕ್ಕಡಿಗೆ ಮೊಣಕಾಲು ಕೊಟ್ಟ ದಲಾಲಿಯ ಕೊರಳಪಟ್ಟಿ ಹಿಡಿದು, ನಡು ಬಜಾರಿನಲ್ಲಿ ಚೀಲಗಳನ್ನೆಲ್ಲ ಮತ್ತೆ ತೂಗಿಸಿದ ಹೆಣ್ಣುಮಗಳು. ಅಂಥವಳ ಬಾಯಿಯೂ ಎರಡು ಕಡೆ ಕಟ್ಟಿಹೋಗುತ್ತಿತ್ತು: ಹಣೆ ತುಂಬ ವಿಭೂತಿ ಧರಿಸಿದವರ ಮುಂದೆ, ಮತ್ತು ಅಣ್ಣ ಪಂಪಣ್ಣನ ಮುಂದೆ. ವಿಭೂತಿ ಕಂಡರೆ ಕೈಮುಗಿ, ಹಿರಿಯಣ್ಣ ಮಾತಾಡಿದರೆ ತಲೆ ತಗ್ಗಿಸು ಎಂದು ಕಲಿಸಿದ ಮನೆತನ. ಆ ಕಲಿಕೆಗೆ ಬೆಂಕಿ ಬೀಳಲಿ.

ತಾಯಿ ಗಿರಿಯಮ್ಮ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಾಗ ಇದ್ದದ್ದು ಪಂಪಣ್ಣನ ಮನೆಯಲ್ಲಿ, ಸಿಂಧನೂರಿನಲ್ಲಿ. ಅವನಿಗೆ ಗೊಬ್ಬರದ ಅಂಗಡಿ, ಊರ ತುಂಬ ಪರಿಚಯ. ತಾಯಿಯನ್ನು ತನ್ನೂರಿಗೆ ಕರೆದೊಯ್ಯುತ್ತೇನೆಂದು ಜಂಬಮ್ಮ ಅಂಗಲಾಚಿದಳು.

"ಗಂಡುಮಗ ಜೀವಂತ ಇರೂಮುಂದ ಅವ್ವ ಮಗಳ ಮನ್ಯಾಗ ಉಣಬೇಕೇನ್ಲೇ? ಮಂದಿ ಏನಂದಾರು?" ಎಂದು ಅಣ್ಣ ಗದರಿದ.

ಮಗಳ ಮನೆಯ ಅನ್ನ ಮಾನಕ್ಕೆ ಕುಂದಂತೆ. ತಾಯಿಯನ್ನು ಪರರ ಕೈಗೆ ಒಪ್ಪಿಸುವುದು ಕುಂದಲ್ಲವಂತೆ! ಕಾಲುವೆ ದಂಡೆಯ ಹತ್ತಿರದ ಒಂದು ಖಾಸಗಿ ವೃದ್ಧಾಶ್ರಮಕ್ಕೆ ಸಾಗಿಸಿಬಿಟ್ಟ. ಅದರ ಯಜಮಾನ ಸಿದ್ದಲಿಂಗೇಶ ಅವನ ಗೆಳೆಯ. ಹಣೆಯ ಮೇಲೆ ಮೂರು ಬೆರಳ ವಿಭೂತಿ, ಬೆಣ್ಣೆಯಲ್ಲಿ ಕೂದಲು ತೆಗೆದಂಥ ಮಾತು. ಜಂಬಮ್ಮ ಅವನ ಕಾಲು ಮುಟ್ಟಿ ನಮಸ್ಕರಿಸಿದಳು. ಈಗ ಅದನ್ನು ನೆನೆದರೆ ಅವಳ ಮೈ ಉರಿಯುತ್ತದೆ.

ಈ ಸೀಮೆಯಲ್ಲಿ ಅಮಾವಾಸ್ಯೆಗೆ ಯಾರೂ ಎತ್ತು ಹೂಡುವುದಿಲ್ಲ. ಹೊಲಕ್ಕೆ ರಜೆ ಇರುವ ದಿನ ಅದೊಂದೇ. ಹಾಗಾಗಿ ಆಶ್ರಮದಲ್ಲಿ ತಮ್ಮವರನ್ನು ಇಟ್ಟವರೆಲ್ಲ, ಗುರುಗುಂಟಾದವರಾಗಲಿ ದಢೇಸುಗೂರಿನವರಾಗಲಿ, ಬುತ್ತಿ ಕಟ್ಟಿಕೊಂಡು ಬರುವುದು ಅವತ್ತೇ. ಸಿದ್ದಲಿಂಗೇಶನಿಗೂ ಇದು ಚೆನ್ನಾಗಿ ಗೊತ್ತಿತ್ತು. ಅವತ್ತು ಅಂಗಳಕ್ಕೆ ರಂಗೋಲಿ, ಒಳಗೆ ಊದಿನಕಡ್ಡಿ, ಮುದುಕಿಯರಿಗೆ ಒಗೆದ ಸೀರೆ. ಗಿರಿಯಮ್ಮನಿಗೆ ಮಾತ್ರ ಸಿಂಧನೂರಿನ ಕೆಂಡದಂಥ ಬಿಸಿಲಲ್ಲೂ ತುಂಬುತೋಳಿನ ಸ್ವೆಟರ್. "ವಯಸ್ಸಾದವರಿಗೆ ಥಂಡಿ ಜಾಸ್ತಿ ರೀ ಅಕ್ಕಾರ" ಎನ್ನುತ್ತಿದ್ದ. ತಂದ ಹೋಳಿಗೆಯನ್ನು ಮುದುಕಿ ಎರಡೂ ಕೈಯಿಂದ ಬಾಯಿಗೆ ತುರುಕಿಕೊಂಡರೆ, "ಮರವಿನ ರೋಗ ರೀ, ಉಂಡದ್ದು ನೆನಪಿರಂಗಿಲ್ಲ." ತಾಯಿ-ಮಗಳು ಮಾತಿಗೆ ಕೂತರೆ ಆಯಾ ಒಬ್ಬಳು ಪಕ್ಕ ಬಿಟ್ಟು ಕದಲುತ್ತಿರಲಿಲ್ಲ. ಸ್ವೆಟರು, ಹಸಿವು, ಕಾವಲು, ಎಲ್ಲವೂ ಕಣ್ಣೆದುರೇ ಇದ್ದವು. ಜಂಬಮ್ಮ ನೋಡಿದ್ದು ವಿಭೂತಿಯನ್ನು.

ಈ ಬೇಸಿಗೆಯಲ್ಲಿ ನಾದಿನಿಯ ಮಗಳ ಮದುವೆಗೆ ಸೀರೆ ಕೊಳ್ಳಲು ಸಿಂಧನೂರಿಗೆ ಬಂದವಳಿಗೆ, ಅವ್ವನ ಮುಖ ನೋಡಿಹೋಗೋಣ ಅನ್ನಿಸಿತು. ಅಮಾವಾಸ್ಯೆ ಇನ್ನೂ ದೂರವಿತ್ತು. ಗೇಟಿನವನು ಅಡ್ಡ ನಿಂತ.

"ಇವತ್ತು ಭೇಟಿ ಇಲ್ಲ ರೀ."

"ನಮ್ಮವ್ವನ್ನ ನೋಡಾಕ ನಿನ್ನ ಹುಕುಂ ಬೇಕೇನೋ ಬಾಡ್ಯಾ?" ಎಂದು ಅವನನ್ನು ತಳ್ಳಿಕೊಂಡೇ ಒಳನುಗ್ಗಿದಳು.

ಕೋಣೆಯ ನಾತಕ್ಕೆ ಉಸಿರು ಕಟ್ಟಿತು. ಗಿರಿಯಮ್ಮನ ಎರಡೂ ಮುಂಗೈಗಳನ್ನು ಹರಿದ ಸೀರೆಯಿಂದ ಮಂಚಕ್ಕೆ ಬಿಗಿದಿದ್ದರು. ಬಿಗಿದ ಕಡೆ ಚರ್ಮ ಸುಲಿದು ಕಪ್ಪಾಗಿತ್ತು. ಮಗ್ಗುಲಿಗೆ ಸರಿಸಿದರೆ ಸೊಂಟದ ಹಿಂದೆ ಕೀವು ತುಂಬಿದ ಹುಣ್ಣು. ಪಕ್ಕದ ಮಂಚದಲ್ಲಿದ್ದ ಖಾಸಿಂಬೀ ಎಂಬ ಮುದುಕಿ ಬಾಗಿಲ ಕಡೆ ನೋಡುತ್ತ ಮೆಲ್ಲಗೆ ಹೇಳಿದಳು, "ಅಮಾಸಿಗಷ್ಟೇ ನಮಗ ಜಳಕ, ಬೇಟಿ. ಉಳಿದ ದಿನ ನೀರು ಕೇಳಿದ್ರೂ ಹೊಡೀತಾರ."

ಸಿದ್ದಲಿಂಗೇಶ ಓಡಿ ಬಂದ. "ಮಂಚದಿಂದ ಬಿದ್ದಾರು ಅಂತ ಕಟ್ಟೀವ್ರಿ ಅಕ್ಕಾರ, ಅವರ ಒಳ್ಳೇದಕ್ಕ."

"ನಿಮ್ಮವ್ವನ್ನ ಕಟ್ಟೋ ಹಿಂಗ!"

ಗಂಟು ಬಿಚ್ಚುವ ಮೊದಲು ಫೋನಿನಲ್ಲಿ ಕೈಗಳ ಫೋಟೊ ತೆಗೆದಳು, ಹುಣ್ಣಿನದೂ ತೆಗೆದಳು. ಅಲ್ಲಿಂದಲೇ ಹಿರಿಯರ ಸಹಾಯವಾಣಿ ೧೪೫೬೭ಕ್ಕೆ ಫೋನು ಹಚ್ಚಿ, ಇಲ್ಲಿ ಇನ್ನೂ ಇಂಥ ಜೀವಗಳಿವೆ ಎಂದು ಕೂಗಿ ಹೇಳಿದಳು. ತಾಯಿಯನ್ನು ಆಟೋದಲ್ಲಿ ಮಲಗಿಸಿಕೊಂಡು ನೇರ ಸರ್ಕಾರಿ ದವಾಖಾನೆಗೆ ಒಯ್ದಳು.

ಡಾಕ್ಟರು ಮುಂಗೈ ನೋಡಿದವರೇ, "ಇಂಥ ಗಾಯ ಕಂಡ್ರ ನಾವು ಪೊಲೀಸರಿಗೆ ತಿಳಿಸಬೇಕಾಗ್ತೈತಿ" ಎಂದು ಗಾಯಗಳನ್ನೆಲ್ಲ ಬರೆದುಕೊಂಡರು. ಅಷ್ಟರಲ್ಲಿ ಪಂಪಣ್ಣ ಬೆವರೊರೆಸಿಕೊಳ್ಳುತ್ತ ಬಂದ.

"ಆದದ್ದು ಆತು ಜಂಬೀ. ಬ್ಯಾರೆ ಕಡೆ ಇಡೋಣು. ಕೇಸು ಗೀಸು ಬ್ಯಾಡ. ಮಂದ್ಯಾಗ ಮಾನ ಹೋಗ್ತೈತಿ."

ಹುಟ್ಟಿದಾಗಿನಿಂದ ಅಣ್ಣನೆದುರು ತಗ್ಗಿದ್ದ ತಲೆ ಅವತ್ತು ಎದ್ದಿತು. "ಮಾನ? ಅವ್ವನ ಬೆನ್ನಾಗ ಕೊಳತೈತಿ ನೋಡೋ ನಿನ್ನ ಮಾನ!"

ಆಗ ಗಿರಿಯಮ್ಮ ಕಣ್ಣು ತೆರೆದಳು. "ಹೊಡೀತಾರಪ್ಪ ಅಂತ ನಾ ನಿನಗ ಹೇಳಿದ್ನೆಲ್ಲೋ ಪಂಪಾ. ನೀನ ಜಂಬೀ ಮುಂದ ಬಾಯಿ ಬಿಡಬ್ಯಾಡ ಅಂದೆಲ್ಲೋ."

ಪಂಪಣ್ಣ ಗೋಡೆ ನೋಡಿದ. ಗೊತ್ತಿತ್ತು ಅವನಿಗೆ! ಗೊತ್ತಿದ್ದೂ ಗೆಳೆಯನ ಜೊತೆ ಚಹಾ ಕುಡಿಯುತ್ತಿದ್ದ. ಜಂಬಮ್ಮನಿಗೆ ಸಿದ್ದಲಿಂಗೇಶನ ಮೇಲೆ ಬಂದದ್ದಕ್ಕಿಂತ ದೊಡ್ಡ ಸಿಟ್ಟು ಬಂತು.

ಕೋರ್ಟಿನ ಆವರಣದ ಕಾನೂನು ಸೇವಾ ಸಮಿತಿಯಿಂದ ಮಮತಾ ಎಂಬ ವಕೀಲೆ ಪುಕ್ಕಟೆ ಸಿಕ್ಕಳು. ಕಟ್ಟಿ ಹೊಡೆದವರ ಮೇಲೆ ಠಾಣೆಯಲ್ಲಿ ದೂರು ದಾಖಲಾಯಿತು. ಖಾಸಿಂಬೀ ಹೆದರದೆ ಸಾಕ್ಷಿ ಹೇಳಿದಳು. ದುಡ್ಡು ತೆಗೆದುಕೊಂಡು ಹೀಗೆ ನೋಡಿಕೊಂಡದ್ದಕ್ಕೆ ಗ್ರಾಹಕರ ಆಯೋಗಕ್ಕೂ ಹೋಗಬಹುದು ಎಂದಳು ಮಮತಾ.

"ಇನ್ನೊಂದು ದಾರಿ ಐತ್ರಿ. ಲಿಂಗಸುಗೂರಿನ ಎ.ಸಿ. ಸಾಹೇಬರ ಮುಂದ ಹಿರಿಯ ನಾಗರಿಕರ ಕಾಯ್ದೆ ಕೆಳಗ ಅರ್ಜಿ. ಅದು ನೋಡ್ಕೊಳ್ಳದ ಮಕ್ಕಳ ಮ್ಯಾಲೆ. ಆದ್ರ ಅಜ್ಜಿ ಮನಸ್ಸು ಮಾಡಬೇಕು."

ಜಂಬಮ್ಮ ತಾಯಿಯ ಮುಖ ನೋಡಿದಳು. ಮಗನೆಂದರೆ ಪ್ರಾಣ ಬಿಡುತ್ತಿದ್ದ ಹೆಂಗಸು. ಒಲ್ಲೆ ಅಂದರೆ ಪಂಪಣ್ಣ ಕೈ ತೊಳೆದುಕೊಂಡು ಅಂಗಡಿಗೆ ಹೋಗಿ ಕೂಡುತ್ತಾನೆ. ಗಿರಿಯಮ್ಮ ಅರ್ಜಿಗೆ ಒತ್ತಲು ಹೆಬ್ಬೆರಳು ಚಾಚಿದಳು.

ವಿಚಾರಣೆಯ ದಿನ ಲಿಂಗಸುಗೂರಿನಲ್ಲಿ ಪಂಪಣ್ಣ ಕೈಮುಗಿದು ನಿಂತಿದ್ದ. ತಪ್ಪೆಲ್ಲ ಆಶ್ರಮದವರದು, ತನಗೇನೂ ಗೊತ್ತಿರಲಿಲ್ಲ ಎಂದ. ಸಾಹೇಬರು ಗಾಲಿಕುರ್ಚಿಯ ಕಡೆ ತಿರುಗಿ, "ಅಜ್ಜೀ, ನಿಮ್ಮ ದೂರು ಯಾರ ಮ್ಯಾಲೆ?" ಎಂದು ಕೇಳಿದರು.

"ಹೊಡದವರನ್ನ ಪೊಲೀಸರು ನೋಡ್ಕೋತಾರ ರೀ ಸಾಹೇಬ್ರ. ಅವರು ಹೊರಗಿನ ಮಂದಿ. ನನ್ನ ದೂರು ನಾ ಹಡದವನ ಮ್ಯಾಲೆ."

ಪಂಪಣ್ಣ "ಅವ್ವಾ" ಎಂದ. ಗಿರಿಯಮ್ಮ ಅವನತ್ತ ತಿರುಗಲೇ ಇಲ್ಲ.