ಸಪ್ಪಳ ಬರಬಾರದು

ತಪ್ಪು ನನ್ನದೇ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬಡಿಗೇರ ಮಾಮಾರ ದನಿ ಕದ್ದವನು ನಾನು. ನನಗೆ ಬರುತ್ತಿದ್ದ ವಿದ್ಯೆ ಅದೊಂದೇ.

ಮಾಮಾ ಕಣ್ಣು ಮುಚ್ಚಿಕೊಂಡು ಜಿಗಿತದ ತರಬೇತಿ ಕೊಡುತ್ತಿದ್ದರು. ಗದಗಿನ ಕಡೆಯವರು, ನಾಸಿಕ್ ಹತ್ತಿರದ ಓಝರ್ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್. ಪಾಳಿ ಮುಗಿಸಿ ಕಾಲೊನಿಯ ಮೈದಾನಕ್ಕೆ ಬಂದು, ಅಲ್ಲಿನ ಹುಡುಗರಾದ ನಮ್ಮನ್ನು ಒಬ್ಬೊಬ್ಬರಾಗಿ ನೀರಿನ ಟಾಕಿಯ ಕಟ್ಟೆಯಿಂದ ಕೆಳಗೆ ಜಿಗಿಸಿ, ತಾವು ಬೆನ್ನು ತಿರುಗಿಸಿ ಕೂತು ಕಿವಿಗೊಡುತ್ತಿದ್ದರು. 'ಧಪ್' ಎಂದರೆ ಮತ್ತೆ ಹತ್ತಬೇಕು.

"ಸಪ್ಪಳಾತಂದ್ರ ಪೆಟ್ಟು ಮೊಣಕಾಲಿಗೆ ಹೋತಂತ ತಿಳಿ. ಮಡಚಲೇ, ಹಳೂಕ! ವಿಮಾನಾನೂ ಬರೇ ಹಾರಿದ್ರ ಸಾಲೂದಿಲ್ಲಪಾ, ಇಳೀಬೇಕು."

ನಾನು ಇಳಿದಾಗ ಮಾತ್ರ, "ಯಾರ ಮನಿ ಕಪಾಟ ಬಿತ್ತೋ?" ಎನ್ನುತ್ತಿದ್ದರು.

ಮೈದಾನದ ಮೂಲೆಯಲ್ಲಿ ಭಾರ ಎತ್ತುವ ಕಬ್ಬಿಣದ ಬಾರ್ ಇತ್ತು. ಮಾಮಾ ಹೂಂ ಅನ್ನುವವರೆಗೆ ಅದನ್ನು ಯಾರೂ ಮುಟ್ಟುವಂತಿರಲಿಲ್ಲ; ಬಿದಿರ ಕೋಲನ್ನೇ ಕಬ್ಬಿಣವೆಂದುಕೊಂಡು ಎತ್ತಬೇಕು. ನಮ್ಮಲ್ಲಿ ಎಲ್ಲರಿಗಿಂತ ಎತ್ತರ ಜಿಗಿಯುವ ಹದಿನಾಲ್ಕರ ಮರಾಠಿ ಹುಡುಗ ವಿಜಯ ನಾಲ್ಕು ತಿಂಗಳಿಂದ ಕೋಲು ಎತ್ತುತ್ತಿದ್ದ. ಔರಂಗಾಬಾದಿನಲ್ಲಿ ನಡೆಯುವ ಎತ್ತರ ಜಿಗಿತದ ಆಯ್ಕೆಗೆ ಮೂರೇ ವಾರ. ಹೊಸ ಬೂಟೂ ಬಂದಾಗಿತ್ತು.

ಒಂದು ಸಂಜೆ ಮಾಮಾ ಬರುವುದು ತಡವಾಯಿತು. ನಾನು ಟಾಕಿಯ ಹಿಂದೆ ಅಡಗಿ, ಗಂಟಲು ದಪ್ಪ ಮಾಡಿ ಕೂಗಿದೆ: "ವಿಜ್ಯಾ, ಕೋಲು ಸಾಕು. ಇವತ್ತ ಕಬ್ಬಿಣ ಎತ್ತಪಾ!"

ನಗುತ್ತಾನೆ ಅಂದುಕೊಂಡಿದ್ದೆ. ಅವನು ಬಾರ್‌ಗೆ ಕೈಮುಗಿದು, ಒಂದೇ ಸಲಕ್ಕೆ ಎಳೆದೆತ್ತಿ, "ಆಯೀ ಗ!" ಎಂದು ಸೊಂಟ ಹಿಡಿದು ಕೂತ.

ಮಾಮಾ ಬಂದಾಗ ಅವನು ಅಳುತ್ತಿದ್ದ. "ತುಮ್ಹೀಚ, ನೀವ ಹೇಳಿದ್ರಿ ನಾ, ಮಾಮಾ!"

ಮಾಮಾ ನೆಟ್ಟಗೆ ನನ್ನನ್ನೇ ನೋಡಿದರು. ಎರಡು ಬಿಟ್ಟಿದ್ದರೆ ಹಾಯೆನಿಸುತ್ತಿತ್ತು. "ನನ್ನ ದನಿ ತಗೊಂಡಿ. ಕೆಲಸಾನೂ ತಗೋ."

ಕೆಲಸವೆಂದರೆ, ಡಾಕ್ಟರು ಹೇಳಿದ ಕಸರತ್ತನ್ನು ದಿನಾ ವಿಜಯನ ಮನೆಗೆ ಹೋಗಿ, ಮಾಮಾರ ದನಿಯಲ್ಲೇ ಎಣಿಸಿ ಮಾಡಿಸುವುದು. ಅವನ ಜೊತೆ ನಾನೂ ಮಾಡುವುದು. ಅವನಿಗೆ ಹತ್ತು ದಿನಕ್ಕೆ ನೋವು ಹೋಯಿತು, ನನಗೆ ಶುರುವಾಯಿತು.

ಆದರೂ ಮಾಮಾ ಅವನನ್ನು ಔರಂಗಾಬಾದಿಗೆ ಕರೆದೊಯ್ಯಲಿಲ್ಲ. "ಈಗ ಆರಾಮ ಇದ್ದಾನಲ್ರೀ!" ಎಂದು ಅವನ ಅಪ್ಪ ಅಂಗಲಾಚಿದರು.

"ನೋವು ಹೋಗೈತ್ರಿ, ಬಲ ಬಂದಿಲ್ಲ. ಆಯ್ಕೆ ಮುಂದಿನ ವರ್ಷಾನೂ ಐತಿ. ಬೆನ್ನು ಮುರದ್ರ ಹೊಸಾದು ನಮ್ಮ ಕಾರ್ಖಾನಿ ಸ್ಟೋರಿನ್ಯಾಗ ಸಿಗೂದಿಲ್ರಿ."

ವಿಜಯ ಬೂಟನ್ನು ಪೆಟ್ಟಿಗೆಗೆ ಹಾಕಿಟ್ಟ. ಆ ಒಂದು ವಾರ ನಾನು ಕಸರತ್ತನ್ನು ನನ್ನ ದನಿಯಲ್ಲೇ ಎಣಿಸಿದೆ.

ಮುಂದಿನ ವರ್ಷ ಅವನು ಆಯ್ಕೆಯಾದ. ಕಾಲೊನಿಗೆಲ್ಲ ಒಂದೊಂದು ಪೇಡೆ, ನನಗೆ ಅರ್ಧ.

ಮಾಮಾ ನಿವೃತ್ತರಾಗಿ ಊರಿಗೆ ಹೊರಟಾಗ ನಾಸಿಕ್ ರೋಡ್ ಸ್ಟೇಷನ್ನಿಗೆ ಎಲ್ಲರೂ ಹೋಗಿದ್ದೆವು. ಅವರ ಹಾಸಿಗೆ ಸುರುಳಿಯನ್ನು ರೈಲಿನ ಡಬ್ಬಿಯೊಳಗೆ ಇಟ್ಟು, ಬಾಗಿಲಲ್ಲಿ ನಿಂತು ಅವರದೇ ದನಿ ತೆಗೆದೆ: "ಎಲ್ಲಾರೂ ಲೈನಿಗೆ ನಿಲ್ರಲೇ!" ವಿಜಯನೂ ಸೇರಿ ಎಲ್ಲರೂ ನಿಂತುಬಿಟ್ಟರು. ಆ ಹುಮ್ಮಸ್ಸಿನಲ್ಲಿ ಪ್ಲಾಟ್‌ಫಾರ್ಮಿಗೆ ಜಿಗಿದೆ. ಧಪ್!

ಕಿಟಕಿಯಲ್ಲಿ ಮಾಮಾ ಕಣ್ಣು ಮುಚ್ಚಿದರು. ಸಿಳ್ಳೆ ಆಯಿತು, ಗಾಡಿ ಅಲುಗಿತು.

"ದನಿ ಖರೇ ನಂದ ಐತಿ, ಮೊಣಕಾಲು ಇನ್ನೂ ಕಪಾಟಿಂದ ಐತಿ. ಮನಿಗೆ ಹೋಗಬ್ಯಾಡ, ಸೀದಾ ಹೋಗಿ ಟಾಕಿ ಕಟ್ಟಿ ಹತ್ತು!"